ಸಂಬಳ ಬರೋ ತುತ್ತೂರಿಯವರಿಗೆ ಯಾಕ್ರೀ ಈ ಹೆದರಿಕೆ?

ಬಹಳ ದಿನದಿಂದ ಹೊಟ್ಟೆಯೊಳಗೆ ಇಟ್ಕೊಂಡಿದ್ದ ಸಿಟ್ಟು ಇದು. ಮನೆಯಲ್ಲಿ ಹೇಳಿ ಹೇಳಿ ಹೆಂಡತಿಗೂ ಮಗಳಿಗೂ ಸಾಕಾಗಿ ಹೋಗಿದೆ, ಹಾಗಾಗಿ ಇಲ್ಲಿ ಕಾರ್ಕೊಳ್ತಿದ್ದೀನಿ. ಕನ್ನಡ ಬ್ಲಾಗಿನಲ್ಲಿ ಬ್ರಾಸ್ ಕ್ವಿಂಟೆಟ್ ಬಗ್ಗೆ ಬರೆದರೆ ಯಾರು ಓದ್ತಾರೆ ಅಂತ ಕೇಳಬೇಡಿ. ಉಪ್ಪಿಟ್ಟಿನ ಬಗ್ಗೆ ಬರೆದಾಗ ಇಪ್ಪತ್ತು ಕಾಮೆಂಟ್ ಹಾಕಿದ್ದೀರಿ, ಇದನ್ನೂ ಓದಿ :-)

ಮೊದಲು ಇದೇನು ಅಂತ ಎರಡು ಮಾತು. ಬ್ರಾಸ್ ಕ್ವಿಂಟೆಟ್ ಅಂದ್ರೆ ಐದು ಜನ ಹಿತ್ತಾಳೆ ವಾದ್ಯದವರು. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಒಂದು ಟ್ರಾಂಬೋನ್, ಒಂದು ಟ್ಯೂಬಾ. ಕೋಲು ಹಿಡಿದು ಕೈ ಬೀಸೋ ಕಂಡಕ್ಟರ್ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು, ಅದನ್ನು ನುಡಿಸೋನು ಅವನೊಬ್ಬನೇ. ತಪ್ಪಿದರೆ ಪಕ್ಕದವನ ಸದ್ದಿನ ಹಿಂದೆ ಅಡಗಿಕೊಳ್ಳೋ ಹಾಗಿಲ್ಲ. ಇದಕ್ಕೇ ಚೇಂಬರ್ ಮ್ಯೂಸಿಕ್ ಅನ್ನೋದು. ನಮ್ಮ ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿಗೂ ಇದಕ್ಕೂ ಲೋಹ ಒಂದೇ, ಕಸುಬು ಬೇರೆ. ಅಮೆರಿಕದ ಸುಮಾರು ವಿಶ್ವವಿದ್ಯಾಲಯಗಳಲ್ಲಿ ಈ ವಾದ್ಯಗಳನ್ನು ಕಲಿಸೋ ಮೇಷ್ಟ್ರುಗಳೇ ಸೇರಿ ಇಂಥದೊಂದು ತಂಡ ಕಟ್ಟಿಕೊಂಡಿರ್ತಾರೆ. ಟ್ರಂಪೆಟ್ ಮೇಷ್ಟ್ರು ಸಾಮಾನ್ಯವಾಗಿ ಒಬ್ಬರೇ ಇರೋದರಿಂದ ಎರಡನೇ ಟ್ರಂಪೆಟ್ಟಿಗೆ ಅರೆಕಾಲಿಕ ಮೇಷ್ಟ್ರನ್ನೋ ಹಿರಿಯ ವಿದ್ಯಾರ್ಥಿಯನ್ನೋ ಹಿಡಿದು ತರ್ತಾರೆ. ನಾನಿರೋ ಮಿಡ್‌ವೆಸ್ಟಿನ ಊರಲ್ಲೂ ಇಂಥ ಒಂದು ಫ್ಯಾಕಲ್ಟಿ ಬ್ರಾಸ್ ಕ್ವಿಂಟೆಟ್ ಇದೆ. ಹೆಸರು ಹೇಳಲ್ಲ. ಮಗಳಿಗೆ ಹಾರ್ನ್ ಹೇಳಿಕೊಡೋ ಮೇಷ್ಟ್ರು ಅದರಲ್ಲೇ ಇದ್ದಾರೆ, ಆ ಪುಣ್ಯಾತ್ಮರ ಜೊತೆ ನಾನು ಪ್ರತಿ ಗುರುವಾರ ಮುಖ ನೋಡಿ ಮಾತಾಡಬೇಕು.

ಈಗ ದೂರು. ಹೋದ ಸೆಪ್ಟೆಂಬರಿನ ಅವರ ಕಛೇರಿಯ ಪಟ್ಟಿ ನನ್ನ ಮೇಜಿನ ಮೇಲೆ ಇನ್ನೂ ಇದೆ. ಬಾಖ್‌ನ ಆರ್ಗನ್ ಟೊಕಾಟಾ, ಪ್ಯಾಕೆಲ್‌ಬೆಲ್‌ನ ಕ್ಯಾನನ್, ಬಿಜೆಯ ಕಾರ್ಮೆನ್ ಆಪೆರಾದಿಂದ ಎರಡು ತುಣುಕು, ಸಿನಿಮಾ ಹಾಡುಗಳ ಒಂದು ಸರ, ಒಂದು ಹಳೇ ಸ್ವಿಂಗ್ ಡ್ಯಾನ್ಸು, ಕೊನೆಗೆ ಸೂಸಾನ ಮಾರ್ಚ್. ಒಂದು ಗಂಟೆಯ ಮೇಲೆ ಹತ್ತು ನಿಮಿಷ. ಇದರಲ್ಲಿ ಈ ಐದು ವಾದ್ಯಗಳಿಗೇ ಅಂತ ಯಾರಾದರೂ ಬರೆದದ್ದು ಎಷ್ಟು? ಸೊನ್ನೆ. ಆರ್ಗನ್ನಿಗೆ ಬರೆದದ್ದು, ಪಿಟೀಲಿಗೆ ಬರೆದದ್ದು, ಗಾಯಕಿಯ ಗಂಟಲಿಗೆ ಬರೆದದ್ದು, ದೊಡ್ಡ ಮಿಲಿಟರಿ ಬ್ಯಾಂಡಿಗೆ ಬರೆದದ್ದು, ಎಲ್ಲಾ ಇತ್ತು. ಕೇಳೋಕೆ ಬಂದಿದ್ದವರು ಐವತ್ತು ಜನ ಇರಬಹುದು. ಅದರಲ್ಲಿ ಮುಕ್ಕಾಲು ಪಾಲು ಸಂಗೀತ ವಿಭಾಗದ ಮಕ್ಕಳು, ವರ್ಷಕ್ಕೆ ಇಷ್ಟು ಕಛೇರಿ ಕೇಳಲೇಬೇಕು ಅಂತ ಅವರಿಗೆ ನಿಯಮ. ಬಾಗಿಲಲ್ಲಿ ಕಾರ್ಡ್ ಉಜ್ಜಿದರೆ ಹಾಜರಿ. ಟಿಕೆಟ್ಟೇ ಇಲ್ಲ, ಪುಕ್ಕಟೆ.

ಮುಗಿದ ಮೇಲೆ ಲಾಬಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ತಂಡದ ಒಬ್ಬರನ್ನು ಕೇಳಿದೆ, ನಿಮ್ಮದೇ ಕೃತಿಗಳನ್ನ ಯಾಕೆ ನುಡಿಸಲಿಲ್ಲ ಅಂತ. "ಏನು ಮಾಡೋದು, ಸ್ಟ್ರಿಂಗ್ ಕ್ವಾರ್ಟೆಟ್‌ನವರಿಗೆ ಇರೋ ಹಾಗೆ ನಮಗೆ ಸಾಹಿತ್ಯ ಇಲ್ಲವಲ್ಲ" ಅಂದರು. ಈ ಮಾತು ನಾನು ಎಷ್ಟು ಸಲ ಕೇಳಿದ್ದೀನೋ! ಬ್ರಾಸ್‌ನವರೇ ಹೇಳ್ತಾರೆ, ಪಿಯಾನೋದವರು ಕನಿಕರದಿಂದ ತಲೆ ಆಡಿಸ್ತಾರೆ, ಡೀನ್ ಸಾಹೇಬರು ಬರ್ಕೊಳ್ತಾರೆ. ಅರ್ಧ ನಿಜ ಇರೋ ಮಾತು. ಉಳಿದರ್ಧ ಸೋಮಾರಿತನ.

ನಿಜ ಇರೋ ಅರ್ಧ ಯಾವುದು ಅಂದ್ರೆ, ಹೇಡನ್, ಮೊಟ್ಸಾರ್ಟ್, ಬೀಥೋವನ್ ಯಾರೂ ಈ ಐದು ವಾದ್ಯಗಳಿಗೆ ಬರೆದಿಲ್ಲ. ಬರೆಯೋಕೆ ವಾದ್ಯಗಳೇ ಇರಲಿಲ್ಲ ಸ್ವಾಮಿ! ಆ ಕಾಲದ ಟ್ರಂಪೆಟ್ ಬರೀ ಒಂದು ಉದ್ದನೆ ಕೊಳವೆ. ಅದನ್ನು ಊದಿದರೆ ಪ್ರಕೃತಿ ಕೊಟ್ಟ ಸ್ವರಗಳು ಮಾತ್ರ ಬರ್ತವೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಕೆಳಗೆ ಷಡ್ಜ, ಆಮೇಲೆ ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ. ನಡುವೆ ರಿಷಭ ಬೇಕು ಅಂದ್ರೆ ಇಲ್ಲ, ಮಧ್ಯಮ ಬೇಕು ಅಂದ್ರೆ ಇಲ್ಲ. ತೀರಾ ಮೇಲಿನ ಸ್ಥಾಯಿಗೆ ಹತ್ತಿದರೆ ಮಾತ್ರ ಸ್ವರಗಳು ಒತ್ತೊತ್ತಾಗಿ ಸಿಗ್ತವೆ. ಹಾರ್ನಿನವರು ಗಂಟೆಯಂಥ ಬಾಯೊಳಗೆ ಕೈ ತೂರಿಸಿ ಹೇಗೋ ಒಂದಿಷ್ಟು ಹೆಚ್ಚಿನ ಸ್ವರ ಹೊಂಚಿಕೊಳ್ತಿದ್ದರು. ಎಲ್ಲಾ ಸ್ವರ ಬರ್ತಿದ್ದದ್ದು ಟ್ರಾಂಬೋನ್ ಒಂದರಲ್ಲೇ, ಅದರ ಕೊಳವೆಯನ್ನ ಹಿಂದೆ ಮುಂದೆ ಎಳೆಯಬಹುದಲ್ಲ. ಬೀಥೋವನ್ ಏನೂ ಬರೆಯದೇ ಸುಮ್ಮನಿರಲಿಲ್ಲ. 1812ರಲ್ಲಿ ಲಿಂಟ್ಸ್ ಊರಿಗೆ ಹೋಗಿದ್ದಾಗ ನಾಲ್ಕು ಟ್ರಾಂಬೋನ್‌ಗಳಿಗೆ ಅಂತ ಮೂರು ಪುಟ್ಟ ಕೃತಿ ಬರೆದ. 1827ರಲ್ಲಿ ಅವನ ಶವಯಾತ್ರೆಗೆ ಅವನ್ನೇ ಬಳಸಿದರು. ಆದರೆ ಅದೇ ಪುಣ್ಯಾತ್ಮನ ಐದನೇ ಸಿಂಫನಿಯಲ್ಲಿ ಟ್ರಾಂಬೋನಿನವರು ಮೊದಲ ಮೂರು ಭಾಗ ಕೈ ಕಟ್ಟಿ ಕೂತಿದ್ದು ನಾಲ್ಕನೆಯದರಲ್ಲಿ ಬಾಯಿ ತೆರೀತಾರೆ. ಬ್ರಾಸ್‌ನವರ ಹಣೆಬರಹ!

ವಾಲ್ವ್ ಅನ್ನೋ ಉಪಾಯ ಜರ್ಮನಿಯಲ್ಲಿ ಹುಟ್ಟಿದ್ದು 1810ರ ದಶಕದಲ್ಲಿ. ಬೆರಳೊತ್ತಿದರೆ ಕೊಳವೆಯ ಉದ್ದ ಬದಲಾಗತ್ತೆ, ಎಲ್ಲಾ ಸ್ವರವೂ ಸಿಗತ್ತೆ. ಟ್ಯೂಬಾಗೆ ಬರ್ಲಿನ್ನಿನಲ್ಲಿ ಪೇಟೆಂಟ್ ಆದದ್ದು 1835ರಲ್ಲಿ. ಅಂದರೆ ಈ ಸಂಸಾರದ ಕೊನೇ ಮಗು ಹುಟ್ಟೋ ಹೊತ್ತಿಗೆ ಮೊಟ್ಸಾರ್ಟ್ ತೀರಿಕೊಂಡು ನಲವತ್ತನಾಲ್ಕು ವರ್ಷ. ಅವನು ಬರೆಯಲಿಲ್ಲ ಅಂತ ಇನ್ನೂರು ವರ್ಷ ಮೂಗೆಳೀತಾ ಕೂತಿರೋದು ಯಾವ ನ್ಯಾಯ?

ಹುಟ್ಟಿದ ಮೇಲೆ ಜನ ಬರೆದರು. 1850ರ ಆಸುಪಾಸಿನಲ್ಲೇ ಪ್ಯಾರಿಸ್ಸಿನ ಬೆಲ್ಲೋ ಅನ್ನುವವನು ಆಗಿನ ಹಿತ್ತಾಳೆ ವಾದ್ಯಗಳಿಗೆ ಹನ್ನೆರಡು ಕ್ವಿಂಟೆಟ್ ಬರೆದಿಟ್ಟ. ಆಮೇಲೆ ಬಂದವನು ವಿಕ್ಟರ್ ಎವಾಲ್ಡ್ (1860-1935). ಸಾಫ್ಟ್‌ವೇರ್ ಮಾಡ್ಕೊಂಡು ರಾತ್ರಿ ಬ್ಲಾಗ್ ಕುಟ್ಟೋ ನಮ್ಮಂಥವರಿಗೆಲ್ಲ ಇವನು ಕುಲದೈವ ಆಗಬೇಕು. ಯಾಕಂದ್ರೆ ಇವನು ಹೊಟ್ಟೆಪಾಡಿಗೆ ಸಿವಿಲ್ ಇಂಜಿನಿಯರ್! ಸೇಂಟ್ ಪೀಟರ್ಸ್‌ಬರ್ಗಿನ ಸಿವಿಲ್ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಕಟ್ಟಡ ಸಾಮಗ್ರಿಗಳ ಪಾಠ ಹೇಳ್ತಿದ್ದ ಪ್ರೊಫೆಸರ್. ಸಂಜೆ ಸಂಗೀತ. ಬೆಲ್ಯಾಯೆವ್ ಅನ್ನೋ ಮರದ ವ್ಯಾಪಾರಿಯ ಮನೆಯಲ್ಲಿ ಶುಕ್ರವಾರ ಶುಕ್ರವಾರ ಸೇರೋ ಕೂಟದಲ್ಲಿ ಚೆಲ್ಲೋ ನುಡಿಸ್ತಿದ್ದ, ರಿಮ್‌ಸ್ಕಿ-ಕೊರ್ಸಕೋವ್, ಗ್ಲಜುನೋವ್ ಎಲ್ಲ ಬರ್ತಿದ್ದ ಜಾಗ ಅದು. ಇಟ್ಟಿಗೆ ಗಾರೆಯ ಮೇಷ್ಟ್ರು ಬರೆದ ಕ್ವಿಂಟೆಟ್‌ಗಳು ಇವತ್ತು ಬ್ರಾಸ್‌ನವರ ಪಾಲಿಗೆ ಮೂಲ ಗ್ರಂಥ. ಮೊದಲನೆಯದು, ಓಪಸ್ 5, ಅಚ್ಚಾದದ್ದು 1912ರಲ್ಲಿ. ಉಳಿದವು ದಶಕಗಟ್ಟಲೆ ಕತ್ತಲಲ್ಲಿದ್ದು, 1970ರ ದಶಕದಲ್ಲಿ ಅಮೆರಿಕನ್ ಬ್ರಾಸ್ ಕ್ವಿಂಟೆಟ್‌ನವರು ನ್ಯೂಯಾರ್ಕಿನಲ್ಲಿ ನುಡಿಸಿದ ಮೇಲೆ ಜಗತ್ತಿಗೆ ಗೊತ್ತಾದವು.

ಆ ಓಪಸ್ 5 ಹೇಗೆ ಶುರುವಾಗತ್ತೆ ಗೊತ್ತಾ? ಟ್ಯೂಬಾದಿಂದ. ಬೇರೆಲ್ಲರೂ ಸುಮ್ಮನಿದ್ದಾಗ ಆ ಆನೆಯಂಥ ವಾದ್ಯ ಒಂದೇ, ತಗ್ಗಿದ ದನಿಯಲ್ಲಿ, ಯಾವುದೋ ಹಳೇ ದುಃಖ ನೆನಪಿಸಿಕೊಂಡ ಹಾಗೆ ಒಂದು ರಾಗ ಎತ್ತತ್ತೆ. ಅಲ್ಲಿಂದ ಅದನ್ನು ಉಳಿದವರು ಒಬ್ಬೊಬ್ಬರಾಗಿ ಕೈಗೆ ತಗೋತಾರೆ. ಜೀವನ ಪೂರ್ತಿ ಉಂ-ಪಾ ಉಂ-ಪಾ ಅಂತ ಕೆಳಗೆ ಕೂತು ದುಡಿಯೋ ವಾದ್ಯದ ಬಾಯಿಗೆ ಮೊದಲ ಮಾತು ಕೊಟ್ಟ ಆ ಇಂಜಿನಿಯರ್ ಎಂಥ ಮನುಷ್ಯ ಇರಬೇಕು. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಈ ಪೋಸ್ಟ್ ಇಲ್ಲೇ ನಿಲ್ಲಿಸಿ ಒಂದು ಸಲ ಕೇಳಿ ಬನ್ನಿ. ನಾನು ಕಾಯ್ತೀನಿ.

ಬಂದ್ರಾ? ಸರಿ.

ಆಮೇಲಿನ ಕಾಲಕ್ಕೆ ಬಂದರೆ ಪಟ್ಟಿ ಉದ್ದ ಆಗತ್ತೆ, ಎಲ್ಲ ಹೇಳಲ್ಲ. ಫ್ರೆಂಚರವನು ಬೊಝಾ 1951ರಲ್ಲಿ ಬರೆದ ಸೊನಾಟೀನ್ ಇದೆ. ಇಲಿನಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳ್ತಿದ್ದ ಯಾನ್ ಬಾಖ್ (ಆ ಬಾಖ್ ಅಲ್ಲ, ಇನ್ನೊಬ್ಬರು) 1971ರಲ್ಲಿ ಬರೆದ ಲಾಡೇಸ್ ಇದೆ. ಪೋಲೆಂಡಿನ ಲುಟೊಸ್ವಾವ್‌ಸ್ಕಿ 1982ರಲ್ಲಿ ಬರೆದ ಮೂರೇ ನಿಮಿಷದ ಮಿನಿ ಓವರ್ಚರ್ ಇದೆ. ಎಲಿಯಟ್ ಕಾರ್ಟರ್ 1974ರಲ್ಲಿ ಬರೆದದ್ದು ಕಬ್ಬಿಣದ ಕಡಲೆ, ಹತ್ತು ಸಲ ಕೇಳಿದರೂ ನನಗೆ ಪೂರ್ತಿ ಹಲ್ಲಿಗೆ ಸಿಕ್ಕಿಲ್ಲ, ಆದರೂ ಬಿಡೋಕಾಗಲ್ಲ. ಆದರೆ ಒಂದೇ ಒಂದು ಹೆಸರು ಹೇಳು ಅಂದ್ರೆ ನಾನು ಹೇಳೋದು ಮಾಲ್ಕಂ ಆರ್ನಾಲ್ಡ್ 1961ರಲ್ಲಿ ಬರೆದ ಕ್ವಿಂಟೆಟ್. ಆರ್ನಾಲ್ಡ್ ಸ್ವತಃ ಲಂಡನ್ ಫಿಲಾರ್ಮಾನಿಕ್‌ನಲ್ಲಿ ಮೊದಲ ಟ್ರಂಪೆಟ್ ಆಗಿದ್ದವನು. ತುಟಿ ಎಲ್ಲಿ ಸೋಲತ್ತೆ, ಉಸಿರು ಎಲ್ಲಿ ಬೇಕು ಅಂತ ಅವನಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಮೊದಲ ಭಾಗದಲ್ಲಿ ಎರಡು ಟ್ರಂಪೆಟ್ ಒಂದನ್ನೊಂದು ಅಟ್ಟಿಸಿಕೊಂಡು ಓಡ್ತವೆ, ತನಿ ಆವರ್ತನದಲ್ಲಿ ಮೃದಂಗ ಘಟ ಜಗ್ಗಾಡಿದ ಹಾಗೆ. ಎರಡನೇ ಭಾಗ ಭಾರ, ಕಪ್ಪು, ಒಂದೇ ನಡೆ ಮತ್ತೆ ಮತ್ತೆ ಬಂದು ಎದೆ ಮೇಲೆ ಕೂರತ್ತೆ. ಮೂರನೆಯದು ಬಂದು ಕಿಟಕಿ ತೆಗೆಯತ್ತೆ.

ಇಲ್ಲಿ ಒಂದು ತಾಂತ್ರಿಕ ವಿಷಯ. ಪಿಟೀಲಿನವನ ಕಮಾನು ಸುಸ್ತಾಗಲ್ಲ. ಹಿತ್ತಾಳೆ ವಾದ್ಯದಲ್ಲಿ ಅದುರೋ ವಸ್ತು ಅಂದ್ರೆ ಊದೋನ ಸ್ವಂತ ತುಟಿ, ಮಾಂಸ! ಬಿಡುವಿಲ್ಲದೆ ಊದಿದರೆ ರಕ್ತ ಓಡದೆ ಮರಗಟ್ಟತ್ತೆ, ಸ್ವರ ಒಡೆಯತ್ತೆ. ಅದಕ್ಕೇ ಬ್ರಾಸ್ ಕಛೇರಿಯಲ್ಲಿ ಕೃತಿಗಳ ನಡುವೆ ಯಾರಾದರೊಬ್ಬರು ಎದ್ದು ಮಾತಾಡ್ತಾರೆ, ತುಟಿಗೆ ವಿಶ್ರಾಂತಿ. ಆರ್ನಾಲ್ಡ್‌ನಂಥವರು ಬರೆಯೋವಾಗಲೇ ಒಬ್ಬರು ನುಡಿಸುವಾಗ ಇನ್ನೊಬ್ಬರಿಗೆ ಬಿಡುವು ಇಟ್ಟಿರ್ತಾರೆ. ಆರ್ಗನ್ ಕೃತಿಯನ್ನ ತಂದು ಹಂಚಿದರೆ ಏನಾಗತ್ತೆ? ಆರ್ಗನ್ ಉಸಿರಾಡಲ್ಲ, ಅದಕ್ಕೆ ತುಟಿ ಇಲ್ಲ. ಅದರ ಸಾಲುಗಳಲ್ಲಿ ಬಿಡುವೂ ಇಲ್ಲ. "ಸುಲಭವಾಗಿರಲಿ ಅಂತ ಇವನ್ನ ಹಾಕ್ತೀವಿ" ಅನ್ನೋ ಮೇಷ್ಟ್ರುಗಳೇ ಟೊಕಾಟಾ ಮುಗಿಯೋ ಹೊತ್ತಿಗೆ ತುಟಿ ಒರೆಸ್ಕೊಂಡು ಏದುಸಿರು ಬಿಡ್ತಿದ್ದದ್ದು ನಾನೇ ಕಣ್ಣಾರೆ ನೋಡಿದ್ದೀನಿ.

ಹಾಗಂತ ಬೇರೆ ವಾದ್ಯದ್ದನ್ನ ತಂದು ನುಡಿಸಲೇಬಾರದು ಅಂತ ಮಡಿವಂತಿಕೆ ನನಗಿಲ್ಲ. ಲೈಪ್‌ಸಿಗ್‌ನ ಪೆಟ್ಸೆಲ್ 1670ರಲ್ಲೂ 1685ರಲ್ಲೂ ಅಚ್ಚು ಹಾಕಿಸಿದ ಐದು ಸಾಲಿನ ಕೃತಿಗಳಿವೆ. ಅವು ಕಾರ್ನೆಟ್ಟೋ ಅನ್ನೋ ಮರದ ಕೊಂಬು ಮತ್ತು ಹಳೇ ಟ್ರಾಂಬೋನ್‌ಗಳಿಗೆ ಬರೆದದ್ದು, ಇವತ್ತಿನ ಕ್ವಿಂಟೆಟ್ ಮೈಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರ್ತವೆ. ಪೆಟ್ಸೆಲ್ ಯಾರು? ಊರಿನ ನೌಕರ! ಬೆಳಿಗ್ಗೆ ಹತ್ತು ಗಂಟೆಗೆ ಪುರಭವನದ ಗೋಪುರದ ಮೇಲಿಂದ ಊದೋಕೆ ನಗರಸಭೆ ಸಂಬಳ ಕೊಡ್ತಿತ್ತು. 1670ರ ಪುಸ್ತಕದ ಹೆಸರೇ "ಹತ್ತನೇ ಗಂಟೆ" ಅಂತ.

ನನ್ನ ಜಗಳ ಇರೋದೇ ಈ ಸಂಬಳದ ವಿಷಯದಲ್ಲಿ. ಕೆನೇಡಿಯನ್ ಬ್ರಾಸ್ ಅಂತ ಒಂದು ಹೆಸರುವಾಸಿ ತಂಡ ಇದೆ, 1970ರಲ್ಲಿ ಟೊರಾಂಟೋದಲ್ಲಿ ಹುಟ್ಟಿದ್ದು. ಅವರು ಬಾಖ್‌ನನ್ನೂ ನುಡಿಸ್ತಾರೆ, ಜಾಝ್ ಹಾಡನ್ನೂ ನುಡಿಸ್ತಾರೆ, ನಗಿಸ್ತಾರೆ. ಅವರ ಮೇಲೆ ನನಗೆ ಎಳ್ಳಷ್ಟೂ ಕೋಪ ಇಲ್ಲ. ಅವರ ಅಡಿಗೆಮನೆ ಒಲೆ ಉರಿಯೋದು ಟಿಕೆಟ್ಟಿನಿಂದ. ಆದರೆ ಮೇಷ್ಟ್ರುಗಳೇ, ನಿಮಗೆ ತಿಂಗಳಾದರೆ ಸಂಬಳ ಬರತ್ತೆ. ಸಭಾಂಗಣಕ್ಕೆ ಬಾಡಿಗೆ ಇಲ್ಲ, ಟಿಕೆಟ್ ಮಾರೋ ಹಂಗಿಲ್ಲ, ಕೇಳೋ ಮಕ್ಕಳನ್ನ ನಿಯಮವೇ ತಂದು ಕೂರಿಸತ್ತೆ. ನೀವು ಆಸ್ಥಾನ ವಿದ್ವಾಂಸರು! ಮೈಸೂರಲ್ಲಿ ವೀಣೆ ಶೇಷಣ್ಣನವರಿಗೆ ಅರಮನೆ ಇದ್ದ ಹಾಗೆ ನಿಮಗೆ ವಿಶ್ವವಿದ್ಯಾಲಯ. ಆಸ್ಥಾನದಲ್ಲಿ ಕೂತವರು ಸಂತೆಯಲ್ಲಿ ನಿಂತವರ ಹಾಗೆ ಯಾಕೆ ಹೆದರ್ತೀರಿ?

ಹಿಂದಿನವರು ಹೆದರಲಿಲ್ಲ. 1954ರಲ್ಲಿ ಶುರುವಾದ ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ ಇಲ್ಲದಿದ್ದರೆ ಆರ್ನಾಲ್ಡ್ ಆ ಕೃತಿ ಬರೀತಿರಲಿಲ್ಲ, ಅವರಿಗೋಸ್ಕರವೇ ಬರೆದದ್ದು. ಆ ತಂಡದ ಟ್ರಂಪೆಟ್ ರಾಬರ್ಟ್ ನೇಗಲ್ ಯೇಲ್‌ನಲ್ಲಿ ಮೇಷ್ಟ್ರಾಗಿದ್ದರು, ಟ್ಯೂಬಾದ ಹಾರ್ವಿ ಫಿಲಿಪ್ಸ್ ಆಮೇಲೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1960ರಲ್ಲಿ ಹುಟ್ಟಿದ ಅಮೆರಿಕನ್ ಬ್ರಾಸ್ ಕ್ವಿಂಟೆಟ್ 1987ರಿಂದ ಜೂಲಿಯಾರ್ಡ್ ಶಾಲೆಯ ಆಶ್ರಯದಲ್ಲಿದೆ. ಕಾರ್ಟರ್ ಬರೆದದ್ದು ಅವರಿಗೆ, ಜೋನ್ ಟವರ್ 2006ರಲ್ಲಿ ಕಾಪರ್‌ವೇವ್ ಬರೆದದ್ದೂ ಅವರಿಗೆ. ಕೃತಿ ಇಲ್ಲ ಅಂತ ಗೊಣಗದೆ, ಬರೆಯೋರ ಬಾಗಿಲು ತಟ್ಟಿ ಬರೆಸಿಕೊಂಡವರು ಇವರು. ನಮ್ಮೂರಿನ ಕ್ವಿಂಟೆಟ್ ಅಭ್ಯಾಸ ಮಾಡೋ ಕೋಣೆಯ ಮೇಲಿನ ಮಹಡಿಯಲ್ಲೇ ಸಂಗೀತ ರಚನೆ ಕಲಿಯೋ ಹುಡುಗ ಹುಡುಗಿಯರಿದ್ದಾರೆ. ತಮ್ಮ ಕೃತಿಯನ್ನ ಯಾರಾದರೂ ಸರಿಯಾಗಿ ನುಡಿಸಿದರೆ ಸಾಕು ಅಂತ ಪ್ರಾಣ ಬಿಡೋ ವಯಸ್ಸು ಅವರದು. ಮೆಟ್ಟಿಲು ಹತ್ತಿ ಹೋಗಿ ಕೇಳೋಕೆ ಏನು ಕಷ್ಟ?

"ಶಾಲೆ ಮಕ್ಕಳನ್ನ ಸೆಳೀಬೇಕು, ಅದಕ್ಕೆ ಗೊತ್ತಿರೋ ಹಾಡು ಬೇಕು" ಅನ್ನೋದು ಇನ್ನೊಂದು ವಾದ. ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ನುಡಿಸಿ ಬರೋದು ಈ ತಂಡಗಳ ಕೆಲಸದಲ್ಲಿ ಒಂದು, ನಾಳೆ ಅದೇ ಮಕ್ಕಳು ಇಲ್ಲಿಗೆ ಸೇರಲಿ ಅಂತ. ಒಪ್ಪಿದೆ. ನನ್ನ ಮಗಳ ಶಾಲೆಗೂ ಬಂದಿದ್ದರು, ಸಿನಿಮಾ ಹಾಡಿನ ಸರ ನುಡಿಸಿದರು. ಅವಳು ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ದೊಡ್ಡವಳಾದ ಮೇಲೂ ಹಾರ್ನ್‌ನಲ್ಲಿ ಬರೀ ಪಾ ಪಾ ಅಂತಾನೇ ಊದಬೇಕಾ?" ಹಾರ್ನ್ ನುಡಿಸೋರ ಗೋಳು ಗೊತ್ತಿದ್ದವರಿಗೆ ಇದು ಅರ್ಥ ಆಗತ್ತೆ. ಮಾರ್ಚುಗಳಲ್ಲಿ, ಈ ಹಾಡಿನ ಸರಗಳಲ್ಲಿ ರಾಗವೆಲ್ಲ ಟ್ರಂಪೆಟ್ಟಿಗೆ, ಹಾರ್ನಿಗೆ ಎರಡನೇ ಪೆಟ್ಟಿನ ಪಾ ಪಾ. ಆವತ್ತು ರಾತ್ರಿ ಅವಳಿಗೆ ಎವಾಲ್ಡ್ ಹಾಕಿ ಕೇಳಿಸಿದೆ. ಹಾರ್ನ್ ರಾಗ ಹಿಡಿದ ಕಡೆ ಮೂರು ಸಲ ಹಿಂದಕ್ಕೆ ಓಡಿಸಿದಳು. ಹದಿನಾಲ್ಕು ವರ್ಷದ ಹುಡುಗಿ, ಯಾರೂ ಅವಳಿಗೆ ಕಾರ್ಡ್ ಉಜ್ಜಿರಲಿಲ್ಲ.

ಇಷ್ಟು ದಿನ ಇದೆಲ್ಲ ನನ್ನ ಹರಟೆ ಅಂತ ಬಿಡಬಹುದಿತ್ತು. ಈಗ ವಿಷಯ ಕೈ ಮೀರ್ತಿದೆ. ನಮ್ಮೂರಿನ ಟ್ಯೂಬಾ ಮೇಷ್ಟ್ರು ಬರೋ ಮೇ ತಿಂಗಳಲ್ಲಿ ನಿವೃತ್ತಿ ಆಗ್ತಿದ್ದಾರೆ. ಆ ಹುದ್ದೆಯನ್ನ ತುಂಬಲ್ಲವಂತೆ. ಪಾಠದ ಗಂಟೆ ಲೆಕ್ಕದಲ್ಲಿ ಹೊರಗಿನವರನ್ನ ಕರೆಸಿ ದುಡ್ಡು ಕೊಟ್ಟು ಕಳಿಸ್ತಾರಂತೆ. ಅಂಥವರು ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಬಂದು, ಮಂಗಳವಾರ ಮೂರು ಪಾಠ ಮುಗಿಸಿ ಹೊರಟರೆ ಕ್ವಿಂಟೆಟ್ ಅಭ್ಯಾಸ ಯಾವಾಗ ಆಗಬೇಕು? ಐದು ಜನ ವರ್ಷಗಟ್ಟಲೆ ಒಟ್ಟಿಗೆ ಕೂತು ಉಸಿರು ಹೊಂದಿಸಿಕೊಂಡಾಗ ಮಾತ್ರ ಇದು ಚೇಂಬರ್ ಮ್ಯೂಸಿಕ್. ಇಲ್ಲದಿದ್ದರೆ ಬಾಡಿಗೆ ಬ್ಯಾಂಡು.

ಡೀನ್ ಕಚೇರಿಯ ಲೆಕ್ಕಾಚಾರ ನನಗೆ ಆಶ್ಚರ್ಯ ತರಲಿಲ್ಲ. ಅವರ ಕಣ್ಣಿಗೆ ಕ್ವಿಂಟೆಟ್ ಅಂದ್ರೆ ಘಟಿಕೋತ್ಸವದಲ್ಲಿ ಮೆರವಣಿಗೆ ಹಾಡು, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಾಡು, ಹಳೇ ವಿದ್ಯಾರ್ಥಿಗಳ ಊಟದಲ್ಲಿ ಸ್ವಿಂಗು. ಇಷ್ಟಕ್ಕೆ ಪೂರ್ಣಾವಧಿ ಪ್ರೊಫೆಸರ್ ಯಾಕೆ ಬೇಕು ಅಂತ ಲೆಕ್ಕಪತ್ರದವರು ಕೇಳಿದರೆ ಏನಂತ ಉತ್ತರ ಕೊಡ್ತೀರಿ? ಆ ಪ್ರಶ್ನೆಯನ್ನ ಅವರ ಬಾಯಿಗೆ ಕೊಟ್ಟದ್ದೇ ನೀವು. ಹತ್ತು ವರ್ಷದಿಂದ ಒಂದೊಂದು ಕಛೇರಿಯ ಪಟ್ಟಿಯಲ್ಲೂ "ನಾವು ಬರೀ ಮನರಂಜನೆ" ಅಂತ ನೀವೇ ಬರೆದು ಕೊಟ್ಟಿದ್ದೀರಿ. ಕೂತ ಕೊಂಬೆಗೆ ಕೊಡಲಿ ಹಾಕಿ, ಈಗ ಕೆಳಗೆ ಬಿದ್ದ ಟ್ಯೂಬಾ ನೋಡಿ ಅಯ್ಯೋ ಅಂದ್ರೆ?

ಗುರುವಾರದ ಪಾಠ ಮುಗಿದ ಮೇಲೆ ಹಾರ್ನ್ ಮೇಷ್ಟ್ರಿಗೆ ಇದನ್ನೇ ಹೇಳಿದೆ, ಸ್ವಲ್ಪ ಮೆತ್ತಗೆ. ಅವರು ಬಹಳ ಹೊತ್ತು ವಾಲ್ವಿಗೆ ಎಣ್ಣೆ ಬಿಡ್ತಾ ಕೂತಿದ್ದರು. ಆಮೇಲೆ, ತಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಆರ್ನಾಲ್ಡ್ ನುಡಿಸಿದ್ದೆವು, ಆಮೇಲೆ ಯಾಕೋ ಬಿಟ್ಟುಹೋಯ್ತು ಅಂದರು. ಯಾಕೋ!

ಹೋದ ಸೋಮವಾರ ಡೀನ್‌ಗೂ ಆ ಐದೂ ಜನಕ್ಕೂ ಪತ್ರ ಹಾಕಿದ್ದೀನಿ. ಟ್ಯೂಬಾ ಹುದ್ದೆ ಉಳಿಸಿ, ಪ್ರತಿ ಕಛೇರಿಯಲ್ಲಿ ಅರ್ಧವಾದರೂ ಕ್ವಿಂಟೆಟ್ಟಿಗೇ ಬರೆದದ್ದು ಇರಲಿ, ಮೇಲಿನ ಮಹಡಿಯ ಮಕ್ಕಳ ಕೈಲಿ ವರ್ಷಕ್ಕೊಂದು ಹೊಸದು ಬರೆಸಿ ಅಂತ. ಟ್ಯೂಬಾ ಮೇಷ್ಟ್ರ ಕೊನೇ ಕಛೇರಿ ಏಪ್ರಿಲ್‌ನಲ್ಲಿ. ಅದು ಓಪಸ್ 5ರಿಂದಲೇ ಶುರುವಾಗಬೇಕು ಅಂತಲೂ ಬರೆದೆ. ಅವರೊಬ್ಬರೇ ಮೊದಲ ಸ್ವರ ಎತ್ತಲಿ, ಡೀನ್ ಸಾಹೇಬರು ಮುಂದಿನ ಸಾಲಲ್ಲಿ ಕೂತು ಕೇಳಲಿ. ಉತ್ತರ ಇನ್ನೂ ಬಂದಿಲ್ಲ. ಪಟ್ಟಿಯಲ್ಲಿ ಎವಾಲ್ಡ್ ಇದ್ದರೂ ನಾನು ಹೋಗ್ತೀನಿ, ಕಾರ್ಮೆನ್ ಇದ್ದರೂ ಹೋಗ್ತೀನಿ. ಕಾರ್ಮೆನ್ ಇದ್ದರೆ ಲಾಬಿಯಲ್ಲಿ ಕಾಫಿ ತಣ್ಣಗಾಗೋವರೆಗೂ ಜಗಳ ಇದೆ.